ಆಯಿಗೆ ಓದಲು ಬರುವ ಅಕ್ಷರ

ಅಂಗಡಿಯ ಹಳೆಯ ಕಂಪ್ಯೂಟರನ್ನು ಮೂಲೆಗೆ ಸರಿಸಿದ ದಿನ ಅದರ ಹೊದಿಕೆಯನ್ನು ಒಗೆದು, ಒಣಗಿಸಿ, ಮತ್ತೆ ಅದಕ್ಕೇ ಹೊದಿಸಿದೆ. “ಬಂದ್ ಬಿದ್ದ ಮಶೀನಿಗೆ ಇಷ್ಟು ಉಪಚಾರ ಯಾಕ?” ಎಂದು ನಮ್ಮ ಯಜಮಾನರು ನಕ್ಕರು. ಅದು ಬಂದ್ ಬಿದ್ದಿರಲಿಲ್ಲ. ಹೊಸದು ಬಂದಿತ್ತು, ಅಷ್ಟೇ. ಹಳೆಯದರ ಹೊಟ್ಟೆಯಲ್ಲಿ ಫಾಂಟು ಆರಿಸುವ ಒಂದು ಪ್ರೋಗ್ರಾಂ ಇನ್ನೂ ಜೀವ ಹಿಡಿದುಕೊಂಡಿತ್ತು. ವರ್ಷಗಟ್ಟಲೆ ಅದನ್ನು ರಿಪೇರಿ ಮಾಡುತ್ತ, ಬೆಳೆಸುತ್ತ, ನಡುನಡುವೆ ಬೈಯುತ್ತ ನೋಡಿಕೊಂಡವಳು ನಮ್ಮ ಅಕ್ಕ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ಭಾವನವರ ಹೆಂಡತಿ. ಎದುರಿಗೆ ‘ನೀವು’ ಎಂದೇ ಮಾತಾಡುತ್ತೇನೆ. ಬರೆಯುವಾಗ ಮಾತ್ರ ಅಷ್ಟು ದೂರ ಕೂರಿಸಲು ಮನಸ್ಸಾಗುವುದಿಲ್ಲ.

ಸೇಡಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದದ ಫರಸಿ ಕಲ್ಲು. ಬೇಸಿಗೆಯಲ್ಲೂ ಬರಿಗಾಲಿಗೆ ತಂಪು. ಮಾವನವರು ಇದ್ದಾಗ ಅಲ್ಲಿ ಪಂಚಾಂಗ ಬಿಚ್ಚಿ ಕೂತಿರುತ್ತಿದ್ದರು, ಮುಹೂರ್ತ ಕೇಳಲು ಸುತ್ತಲಿನ ಹಳ್ಳಿಯವರು ಬರುತ್ತಿದ್ದರು. ಅವರ ನಂತರ ಕೋಣೆ ಖಾಲಿ ಉಳಿಯಿತು. ಮುಹೂರ್ತಕ್ಕೆ ಬರುತ್ತಿದ್ದ ಜನ ಇನ್ನು ಲಗ್ನಪತ್ರಿಕೆಗೆ ಬರಲಿ ಎಂದು ಅಕ್ಕ ವಿಚಾರ ಮಾಡಿದಳು. ಮದುವೆಗೆ ಮುಂಚೆ ಆಕೆ ಶಹಾಬಾದದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತು, ಅಲ್ಲೇ ಕೆಲವು ದಿನ ಕಲಿಸಿಯೂ ಇದ್ದಳು. ಭಾವನವರದು ವಾಡಿಯಲ್ಲಿ ನೌಕರಿ, ನಮ್ಮ ಯಜಮಾನರು ಚಿತ್ತಾಪುರದಲ್ಲಿ ಮಾಸ್ತರು. ಬೆಳಿಗ್ಗೆ ಇಬ್ಬರೂ ಒಂದೇ ರೈಲು ಹತ್ತಿದರೆಂದರೆ ಮನೆ, ಅಂಗಡಿ ಎರಡೂ ನಮ್ಮಿಬ್ಬರ ಕೈಗೆ. ಅಕ್ಕ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ನನ್ನದು ಒಲೆ, ಗಿರಾಕಿ, ಚಹಾ, ಪ್ರೂಫ್ ತಿದ್ದುವುದು ಮತ್ತು ಧೂಳು. ಧೂಳು ಅಂದರೆ ಸಣ್ಣ ಕೆಲಸ ಎಂದು ತಿಳಿಯಬೇಡಿ. ನಮ್ಮ ಕಡೆ ಗಾಳಿಯಲ್ಲೇ ಕಲ್ಲಿನ ಹಿಟ್ಟು ಬೆರೆತಿರುತ್ತದೆ. ಬೆಳಿಗ್ಗೆ ಒರೆಸಿದ ಕೀಬೋರ್ಡಿನ ಮೇಲೆ ಮಧ್ಯಾಹ್ನ ಬೆರಳಿನಿಂದ ರಂಗೋಲಿ ಹಾಕಬಹುದು.

ಆ ಪ್ರೋಗ್ರಾಮನ್ನು ಅಕ್ಕ ಬರೆದದ್ದಲ್ಲ. ಕಂಪ್ಯೂಟರ್ ಮಾರಿದ ಗುಲ್ಬರ್ಗದವರು ಜೊತೆಗೆ ಹಾಕಿ ಕೊಟ್ಟಿದ್ದರು. ಅದರ ಕೆಲಸ ಒಂದೇ. ಮಶೀನಿನೊಳಗಿರುವ ಫಾಂಟುಗಳನ್ನು, ಅಂದರೆ ಬೇರೆ ಬೇರೆ ಮಾಟದ ಅಕ್ಷರಗಳನ್ನು, ಗಿರಾಕಿಗೆ ತೋರಿಸಬೇಕು. ಆತ ‘ಇದು’ ಅಂದರೆ ಎತ್ತಿ ಪತ್ರಿಕೆಗೆ ಹಾಕಬೇಕು. ಎಡಗಡೆ ಹೆಸರುಗಳ ಪಟ್ಟಿ, ಬಲಗಡೆ ಒಂದು ಸಾಲು ನಮೂನೆ. ಆದರೆ ಅದನ್ನು ಬರೆದದ್ದು ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು. ಆಗಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಪ್ರೋಗ್ರಾಂ ಪ್ರತಿ ಫಾಂಟಿನ ಇಂಗ್ಲಿಷ್ ಹೆಸರನ್ನು ಅದೇ ಫಾಂಟಿನಲ್ಲಿ ತೋರಿಸಲು ಹೋಗುತ್ತಿತ್ತು. ಪಟ್ಟಿಯ ತುಂಬ ಒತ್ತು, ಕೊಂಬು, ದೀರ್ಘಗಳು ಸಂತೆಯಲ್ಲಿ ಕೈತಪ್ಪಿದ ಮಕ್ಕಳಂತೆ ನಿಂತಿರುತ್ತಿದ್ದವು.

“ಇದೇನು ತೆಲುಗೇನ್ರಿ?” ಎಂದು ಗಿರಾಕಿಗಳು ಕೇಳುವರು. ತೆಲುಗು ಬಲ್ಲವರು ಬಗ್ಗಿ ನೋಡಿ, “ತೆಲುಗೂ ಅಲ್ರಿ” ಎನ್ನುವರು.

ಮಾರಿದವರು ಹೈದರಾಬಾದಿಗೆ ಹೋಗಿ ನೆಲೆಸಿದರು. ಹೋಗುವ ಮುಂಚೆ ಪ್ರೋಗ್ರಾಮಿನ ಮೂಲ ಬರಹವಿದ್ದ ಫ್ಲಾಪಿಯನ್ನು ಅಕ್ಕನಿಗೆ ಕೊಟ್ಟು, “ವೈನಿ, ನನ್ನಿಂದ ಇಷ್ಟ ಆಗ್ಯದ. ಮುಂದಿಂದು ನೀವು ನೋಡ್ಕೋರಿ” ಎಂದರು. ಅಕ್ಕ ಅದನ್ನು ಮಸಾಲೆ ಡಬ್ಬಿಯ ಜೋಡಿ ಡಬ್ಬಿಯಲ್ಲಿಟ್ಟಳು. ಮುಂದೆ ಆ ಡಬ್ಬಿ ಫ್ಲಾಪಿಗಳಿಂದಲೇ ತುಂಬಿತು.

ಆಕೆಯ ಕೆಲಸದ ರೀತಿಯನ್ನು ನಾನು ಪಕ್ಕದಲ್ಲಿ ಕೂತು ಹುರುಳಿ ಆರಿಸುತ್ತ ನೋಡಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸುವ ಮುಂಚೆ ಆ ಸಾಲು ಏನು ಮಾಡುತ್ತದೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುವಳು, ಎದುರಿಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ. ಬದಲಿಸಿದ ಮೇಲೆ ಪರದೆಯ ಮೇಲೆ ಎರಡೂ ಇರುತ್ತಿದ್ದವು, ‘ಹಳೇದು’, ‘ಹೊಸಾದು’ ಎಂದು. ಹೊಸದು ಗಿರಾಕಿಗಳ ಕೈಯಲ್ಲಿ ಪಳಗುವ ತನಕ ಹಳೆಯದನ್ನು ಅಳಿಸುತ್ತಿರಲಿಲ್ಲ. “ಹೊಸ ತವಾಕ್ಕ ರೊಟ್ಟಿ ಹತ್ಕೊಂಡ್ರ, ಆ ದಿನ ಏನು ಉಪವಾಸ ಕೂಡೂದೇನು?” ಎನ್ನುವಳು.

ಮೊದಲು ಆಕೆ ಪಟ್ಟಿಯ ಹೆಸರುಗಳನ್ನು ಓದಲು ಬರುವ ಹಾಗೆ ಮಾಡಿದಳು. ಆಮೇಲೆ ಆ ಹೆಸರುಗಳನ್ನೇ ತೆಗೆದು, ಗಿರಾಕಿಗಳು ಅಕ್ಷರಕ್ಕೆ ಏನೇನು ಅನ್ನುತ್ತಿದ್ದರೋ ಅದನ್ನು ಹಾಕಿದಳು: ದಪ್ಪ ದುಂಡು, ಸಪೂರ, ಬಾಗಿದ್ದು, ಬಳ್ಳಿ, ಪಾಟಿ ಮ್ಯಾಲಿಂದು. ನಮೂನೆಯ ಜಾಗದಲ್ಲಿದ್ದ ಇಂಗ್ಲಿಷ್ ಸಾಲು ತೆಗೆದು ‘ನಮ್ಮ ಮನೆಯ ಮಂಗಳ ಕಾರ್ಯಕ್ಕೆ ತಾವೆಲ್ಲ ಬನ್ನಿ’ ಎಂದು ಬರೆದಳು. ಬೇಕಾದರೆ ಗಿರಾಕಿ ತನ್ನ ಮನೆದೇವರ ಹೆಸರನ್ನೂ ಅಲ್ಲಿ ಹೊಡೆಸಿ ನೋಡಬಹುದಿತ್ತು. ಬಸವಣ್ಣನ ಭಕ್ತರು ಬಸವಣ್ಣನ ಹೆಸರು ಹೊಡೆಸುವರು, ನಮ್ಮವರು ವೆಂಕಟೇಶನದು. ದೇವರ ಹೆಸರು ಚಂದ ಕಂಡರೆ ಫಾಂಟು ಪಾಸಾದಂತೆ. ಉಳಿದ ಸಾಲುಗಳನ್ನು ಯಾರೂ ನೋಡುತ್ತಿರಲಿಲ್ಲ.

ಹೀಗೆ ಎಲ್ಲ ಸರಿಯಾಗಿ ನಡೆದಿದೆ ಎಂದುಕೊಂಡಿದ್ದಾಗ ಆಡಕಿ ಎಂಬ ಹಳ್ಳಿಯ ಆಯಿ ಬಂದಳು. ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತೇವೆ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ, ಸಂತೆಯ ದಿನ. ಜೊತೆಗೆ ಮಗ, ತೊಗರಿ ಬೆಳೆಯುವ ರೈತ, ಮೀಸೆಗೆ ಎಣ್ಣೆ ಹಚ್ಚಿದವನು.

“ಬರ್ರಿ, ಕುಂದ್ರಿ” ಎಂದೆ. ಆಯಿ ಕುರ್ಚಿ ಒಲ್ಲೆ ಎಂದು ಫರಸಿಯ ಮೇಲೆ ಕೂತು ಅಂಗೈಯಿಂದ ಕಲ್ಲು ಸವರಿದಳು. “ತಂಪದವ್ವ. ಎದ್ದು ಹೋಗಾಕ ಮನಸಾಗಂಗಿಲ್ಲ.”

“ಮಗಳ ಲಗ್ನ ಅದರಿ ಬಾಯಾರ,” ಎಂದು ಮಗ ಅಕ್ಕನಿಗೆ ಹೇಳುತ್ತ ಜೇಬಿನಿಂದ ಒಂದು ಪತ್ರಿಕೆ ತೆಗೆದ. “ಬೀಗರು ಚಿಂಚೋಳಿ ಕಡಿ, ಐನಾಪುರದವರು. ನೋಡ್ರಿ, ಅವರ ಪತ್ರಿಕಿ ಹ್ಯಾಂಗ ಮಾಡಸ್ಯಾರ! ನಮ್ದೂ ಹಿಂಗ ಬೇಕ್ರಿ. ಇದಕ್ಕಿಂತ ಒಂದು ಸುತ್ತು ಜಾಸ್ತಿ ಆದ್ರೂ ನಡೀತದ.”

ಅಕ್ಷರಗಳಿಗೆ ಹೀರೆಬಳ್ಳಿಯ ಹಾಗೆ ಕುಡಿ ಬಂದಿದ್ದವು. ನಮ್ಮ ಪಟ್ಟಿಯಲ್ಲಿ ‘ಬಳ್ಳಿ’ ಎಂದಿದ್ದದ್ದು ಅದೇ.

“ಹಾವು ಹರದಂಗ ಅದ,” ಎಂದಳು ಆಯಿ. “ಇದನ್ನ ನಾ ಹ್ಯಾಂಗ ಓದ್ಲಿ?”

“ಯವ್ವಾ, ಪತ್ರಿಕಿ ಓದಾಕಲ್ಲ, ಹಂಚಾಕ.”

“ಹಂಚಾಕ ಆದ್ರ ಪೇಡೆ ಹಂಚು. ಪತ್ರಿಕಿ ಯಾಕ?”

ಮಗ ನಮ್ಮ ಕಡೆ ತಿರುಗಿ, ನೋಡಿದಿರಾ ನನ್ನ ಪಾಡು ಎನ್ನುವ ಮುಖ ಮಾಡಿದ. ಆಮೇಲೆ ಸಂಗತಿ ತಿಳಿಯಿತು. ಅವರ ಮನೆಯಲ್ಲಿ ಒಂದು ಪದ್ಧತಿ. ಅಚ್ಚಾಗಿ ಬಂದ ಮೊದಲ ಪತ್ರಿಕೆಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಡಬೇಕು. ಓಣಿಯ ಜನರನ್ನು ಕರೆದು ಕೂರಿಸಬೇಕು. ಮನೆಯ ಹಿರಿಯರು ಅದನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯ ತನಕ ದೇವರಿಗೆ ಕೇಳುವ ಹಾಗೆ ಓದಬೇಕು. ಅದಾದ ಮೇಲೇ ಬೇರೆ ಪತ್ರಿಕೆಗಳು ಹೊಸ್ತಿಲು ದಾಟುವುದು. ಇಷ್ಟು ವರ್ಷ ಆಯಿಯ ಗಂಡ ಓದುತ್ತಿದ್ದ. ಆ ಮುತ್ಯಾ, ಮನೆಯ ಅಜ್ಜ, ತೀರಿಕೊಂಡು ವರ್ಷ ದಾಟಿತ್ತು. ಈಗ ಮನೆಗೆ ಹಿರಿಯಳು ಆಯಿ. ಆದರೆ ಹೆಂಗಸಿಗೆ ಓದು ಎಲ್ಲಿಂದ ಬರಬೇಕೆಂದು ಆಕೆಯ ಮೈದುನ, ಮನೆಯ ಸಣ್ಣ ಮುತ್ಯಾ, ಚಾಳೀಸು ಕನ್ನಡಕ ಒರೆಸಿಕೊಂಡು ಆಗಲೇ ತಯಾರಾಗಿದ್ದನಂತೆ.

“ನಾ ಸಹಿ ಮಾಡೂದಷ್ಟ ಕಲ್ತಿಲ್ಲ ತಂಗಿ,” ಎಂದು ಆಯಿ ಅಕ್ಕನಿಗೆ ಹೇಳಿದಳು. “ಊರಾಗ ದೊಡ್ಡವರ ಸಾಲಿ ನಡೆಸಿದ್ರಲ್ಲ, ಆವಾಗ ಓದಾಕ ಕಲ್ತೀನಿ. ಉಳಿದವರು ಬಿಟ್ಟು ಹೋದ್ರು. ನಾ ಪುಸ್ತಕ ಮುಗಿಸೀನಿ.”

ಸೆರಗಿನ ಗಂಟು ಬಿಚ್ಚಿ ಆ ಪುಸ್ತಕ ತೆಗೆದಳು. ತೆಳ್ಳಗಿನ ಪುಸ್ತಕ, ಅಂಚು ಎಣ್ಣೆಗಟ್ಟಿದ್ದವು. ಒಳಗೆ ದೊಡ್ಡ, ನೆಟ್ಟಗಿನ, ಸಾದಾ ಅಕ್ಷರ. ಆಯಿಗೆ ಆ ಮಾಟದ ಅಕ್ಷರವಷ್ಟೇ ಅಕ್ಷರ. ಬಸ್ಸಿನ ಬೋರ್ಡು, ಗೋಡೆಯ ಜಾಹೀರಾತು, ಪೇಪರು ಇವೆಲ್ಲ ಆಕೆಗೆ ಇನ್ನೂ ಪರರ ಮನೆ.

“ಹಿಂಥಾವು ಹಾಕು. ಜಗಲಿ ಮುಂದ ನಿಂತು ನಾನೇ ಓದತೀನಿ. ನನ್ನ ಮೊಮ್ಮಗಳ ಲಗ್ನ ಅದ.”

ಅಕ್ಕ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದಳು. “ಆಯಿ, ಇದ ಅಕ್ಷರ ನನ್ನ ಹತ್ರ ಇಲ್ಲರಿ. ಆದ್ರ ಇದರ ಕಾಕಾ ದೊಡ್ಡಪ್ಪನ ಮಕ್ಕಳು ಒಂದಿಷ್ಟು ಅವ. ಒಂದೊಂದ ಕರೀತೀನಿ, ಯಾರ ಮುಖ ಗುರ್ತು ಸಿಗ್ತದ ಹೇಳ್ರಿ.”

ಆಯಿಗೆ ಆ ಮಾತು ಹಿಡಿಸಿತು. ಎದ್ದು ಪರದೆಯ ಹತ್ತಿರ ಬಂದಳು. ಮೊದಲನೆಯ ಫಾಂಟಿನಲ್ಲಿ ‘ನಮ್ಮ ಮನೆಯ ಮಂಗಳ ಕಾರ್ಯಕ್ಕೆ ತಾವೆಲ್ಲ ಬನ್ನಿ’ ಮೂಡಿತು. ಆಯಿ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ಅಕ್ಕ ಬೆಲ್ಲದ ಚಹಾ ಆರುವಷ್ಟು ಹೊತ್ತು ಕಾದಳು. ಎರಡನೆಯದು ಸ್ವಲ್ಪ ಜಲ್ದಿ ಬಂತು. ಆಮೇಲೆ ಓಟ ಹಿಡಿಯಿತು. ಸಪೂರ, ಬಾಗಿದ್ದು, ದಪ್ಪ ದುಂಡು, ಯಾವುದಕ್ಕೂ ಎಡವಲಿಲ್ಲ. ಮಗ ತಮಾಷೆಗೆ “ಬಳ್ಳೀದು ತೋರಸ್ರಿ” ಎಂದ. ಅದನ್ನೂ ಒಂದೇ ಉಸಿರಿಗೆ ಓದಿದಳು.

“ಅರೇ ಯವ್ವಾ!” ಎಂದು ಮಗ ತೊಡೆ ತಟ್ಟಿದ. “ಸುಮ್ಮನ ಹಾವು ಅದ ಅಂತ ಹೆದ್ರಸಿದಿ. ಇದನ್ನ ಹಾಕ್ರಿ ಬಾಯಾರ.”

ಆಯಿಯ ಮುಖ ಅರಳಿತ್ತು. ನಮಗೂ ಖುಷಿ. ಅಕ್ಕ ಪೂರ್ತಿ ಪತ್ರಿಕೆಯನ್ನು ಬಳ್ಳಿ ಅಕ್ಷರದಲ್ಲಿ ಜೋಡಿಸಿ, ಒಂದು ಪ್ರೂಫ್ ತೆಗೆದು, ಮನೆಯವರೆಲ್ಲ ನೋಡಿ ಹೇಳಲಿ ಎಂದು ಅವರ ಕೈಯಲ್ಲಿ ಕಳಿಸಿದಳು.

ಮುಂದಿನ ಸಂತೆಗೆ ಆಯಿ ಒಬ್ಬಳೇ ಬಂದಳು. ಫರಸಿಯ ಮೇಲೆ ಕೂರಲಿಲ್ಲ. ಬಾಗಿಲ ಹತ್ತಿರ ನಿಂತು, ಬೇರೆ ಗಿರಾಕಿ ಎದ್ದು ಹೋಗುವ ತನಕ ಹೊರಗೆ ನೋಡುತ್ತಿದ್ದಳು. ಆಮೇಲೆ ಪ್ರೂಫ್ ಹಾಳೆಯನ್ನು ಟೇಬಲ್ಲಿನ ಮೇಲಿಟ್ಟು ದನಿ ತಗ್ಗಿಸಿದಳು.

“ತಂಗಿ, ಅಂಗಡ್ಯಾಗ ಓದಾಕ ಬಂತು, ಮನ್ಯಾಗ ಬರವಲ್ದು. ಬಸ್ಸಿನ್ಯಾಗ ಏನರ ಆಗ್ಯದೇನು?”

ನನಗೆ ನಗು ಬಂತು, ಆಕೆಯ ಕಣ್ಣು ನೋಡಿ ನುಂಗಿಕೊಂಡೆ. ಮನೆಯಲ್ಲಿ ಎಲ್ಲರೆದುರು ಓದಲು ಹೋಗಿ ಮೂರನೆಯ ಸಾಲಿಗೇ ನಿಂತುಬಿಟ್ಟಿದ್ದಳು. ಸಣ್ಣ ಮುತ್ಯಾ ಹಾಳೆ ಕೈಯಿಂದ ತಗೊಂಡು, “ಅತ್ತಿಗಿ, ನೀವು ಹೋಳಿಗಿ ಕಡಿ ನೋಡ್ರಿ, ಇದು ನಾ ನೋಡ್ತೀನಿ” ಅಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತ್ತು.

“ಅಚ್ಚಾಗೂದ್ರಾಗ ಏನರ ಮಾಡವ್ವ. ಇಲ್ಲಂದ್ರ ಅಂವ ಓದತಾನ, ನಾ ಸೆರಗ ಬಾಯಿಗಿ ಇಟ್ಕೊಂಡು ಹಿಂದ ನಿಂದ್ರತೀನಿ. ಇಡೀ ಜಲ್ಮ ಹಂಗೇ ನಿಂತೀನಿ.”

ಅಕ್ಕ ಪ್ರೋಗ್ರಾಂ ತೆರೆದಳು. ಬಳ್ಳಿ ಅಕ್ಷರದಲ್ಲಿ ಅದೇ ‘ನಮ್ಮ ಮನೆಯ ಮಂಗಳ ಕಾರ್ಯ’. ಆಯಿ ಗಡಗಡ ಓದಿದಳು. ಅಕ್ಕ ಆ ಸಾಲು ಅಳಿಸಿ, ಬೇರೆ ಏನೋ ನಾಲ್ಕು ಶಬ್ದ ಹೊಡೆದಳು. ಆಯಿ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ತುಟಿ ಅಲುಗಿತು, ಶಬ್ದ ಬರಲಿಲ್ಲ.

ಅಕ್ಕ ಹಣೆ ತಟ್ಟಿಕೊಂಡಳು. “ತಪ್ಪು ನಿಮ್ದಲ್ಲ ಆಯಿ, ಬಸ್ಸಿಂದೂ ಅಲ್ಲ. ನನ್ನ ಪ್ರೋಗ್ರಾಮಿಂದು.”

ಆಮೇಲೆ ನನಗೆ ಬಿಡಿಸಿ ಹೇಳಿದಳು. ಎಲ್ಲ ಫಾಂಟಿಗೂ ಒಂದೇ ಸಾಲು. ಎರಡು ಸಲ ಕೂಡಿಸಿ ಓದಿದ ಮೇಲೆ ಆಯಿಗೆ ಅದು ಬಾಯಿಗೆ ಬಂದುಬಿಟ್ಟಿತ್ತು. ಮುಂದೆ ಆಕೆ ಓದಿದ್ದು ಅಕ್ಷರವನ್ನಲ್ಲ, ನೆನಪನ್ನು. ಆಕೆಗೂ ಅದು ಗೊತ್ತಾಗಿರಲಿಲ್ಲ. ಅಷ್ಟು ವರ್ಷ ಬಂದ ಗಿರಾಕಿಗಳೆಲ್ಲ ಓದು ಬಲ್ಲವರು. ಅವರು ಅಕ್ಷರದ ಚೆಂದ ನೋಡುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ನಿಜವಾಗಿ ಓದುವವಳೊಬ್ಬಳು ಬಂದಾಗಲೇ ಪ್ರೋಗ್ರಾಮಿನ ಹುಳುಕು ಹೊರಗೆ ಬಿತ್ತು.

“ಬರೋ ಸಂತಿಗೆ ಬರ್ರಿ,” ಎಂದಳು ಅಕ್ಕ. “ಮಗನ್ನೂ ಕರಕೊಂಡು ಬರ್ರಿ.”

ಆ ವಾರದ ಮಧ್ಯಾಹ್ನಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಊಟವಾದ ಮೇಲೆ ಅಕ್ಕ ಅಡ್ಡಾಗುವುದನ್ನು ಬಿಟ್ಟಳು. ಪ್ರತಿ ಫಾಂಟಿಗೂ ಹೊಸ ಸಾಲು ಬರಬೇಕು, ಒಮ್ಮೆ ಬಂದ ಸಾಲು ಮತ್ತೆ ಬರಬಾರದು. ಮೊದಲ ದಿನ ಪ್ರೋಗ್ರಾಂ ಹಟ ಹಿಡಿದ ಮಗುವಿನ ಹಾಗೆ ಅದೇ ಎರಡು ಸಾಲು ತಿರುಗಿಸಿ ತಿರುಗಿಸಿ ತೋರಿಸಿತು. ಸರಿಯಾಯಿತು ಅನ್ನುವಷ್ಟರಲ್ಲಿ ಕರೆಂಟು ಹೋಗಿ ಬ್ಯಾಟರಿ ಪೆಟ್ಟಿಗೆ ಒಮ್ಮೆ ಕೂಗಿಕೊಂಡು ತಾನೂ ಆರಿಹೋಯಿತು. ಉಳಿಸಿಕೊಳ್ಳದಿದ್ದ ಕೆಲಸವೆಲ್ಲ ಹೋಯಿತು. ಅಕ್ಕ ಎದ್ದು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು. ಬೈಗಳು ಕೂಡ ಇಲ್ಲ.

ಇನ್ನೊಂದು ಹಳೆಯ ತಕಲೀಫು ಅದಕ್ಕಿತ್ತು. ಪಟ್ಟಿಯಲ್ಲಿ ಕೆಳಗೆ ಇಳಿಯುತ್ತ ಹೋದರೆ ಎಲ್ಲೋ ಒಂದು ಕಡೆ ಪ್ರೋಗ್ರಾಂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ಅಕ್ಕ ಗಿರಾಕಿಗಳಿಗೆ ಮೇಲಿನವನ್ನಷ್ಟೇ ತೋರಿಸುತ್ತಿದ್ದಳು. ಆದರೆ ಆಯಿಯ ಅಕ್ಷರ ಕೆಳಗೆಲ್ಲಾದರೂ ಇದ್ದರೆ? ಆಕೆ ಫಾಂಟುಗಳನ್ನು ಎರಡು ಭಾಗ ಮಾಡಿದಳು. ಒಂದು ಭಾಗ ತೆಗೆದಿಟ್ಟು ನಡೆಸಿ ನೋಡಿದಳು. ಮುಚ್ಚಿಕೊಂಡರೆ ರೋಗ ಒಳಗಿದ್ದ ಭಾಗದಲ್ಲಿ, ಇಲ್ಲದಿದ್ದರೆ ತೆಗೆದಿಟ್ಟದ್ದರಲ್ಲಿ. ರೋಗವಿದ್ದ ಭಾಗವನ್ನು ಮತ್ತೆ ಎರಡು ಮಾಡಿದಳು, ಮತ್ತೆ ಎರಡು. ನಾನು ಮೊರದಲ್ಲಿ ಬೇಳೆಯನ್ನು ಅತ್ತ ಇತ್ತ ಸರಿಸಿ ಹರಳು ಹುಡುಕುತ್ತಿದ್ದೆ. ಆಕೆಯೂ ಅದನ್ನೇ ಮಾಡುತ್ತಿದ್ದಳು. ಕೊನೆಗೆ ಒಂದೇ ಒಂದು ಫಾಂಟು ಉಳಿಯಿತು, ಯಾವುದೋ ಕೆಟ್ಟ ಫ್ಲಾಪಿಯಿಂದ ಅರ್ಧ ಇಳಿದು ಬಂದದ್ದು. ಅದನ್ನು ಎತ್ತಿ ಹೊರಗೆ ಹಾಕಿದಳು. ವರ್ಷಗಳ ಕಾಟ ಹೋಯಿತು.

“ಸಿಕ್ತು ನೋಡು ಹರಳು” ಎಂದು ನನ್ನ ಮೊರ ನೋಡಿದಳು. “ನಿಂದು?”

ನಂದಿನ್ನೂ ಸಿಕ್ಕಿರಲಿಲ್ಲ.

ಹೊಸ ಸಾಲುಗಳನ್ನು ಬರೆಯುವಾಗ ಮಾತ್ರ ಕೈ ಅಡ್ಡ ಇಟ್ಟುಕೊಂಡಳು. “ಏನು ಬರೀಲಿಕತ್ತೀರಿ ಅಕ್ಕಾ?” ಎಂದರೆ, “ನೀ ನೋಡಬ್ಯಾಡ. ನೋಡಿದಿ ಅಂದ್ರ ಆಯಿ ಓದೂಮುಂದ ಬಾಯಾಗ ಅಂದುಬಿಡ್ತಿ” ಎನ್ನುವಳು. ಆ ಭಯ ಸುಳ್ಳಲ್ಲ.

ಸಂತೆಯ ದಿನ ತಾಯಿ ಮಗ ಇಬ್ಬರೂ ಬಂದರು. ಮಗ ಬಾಗಿಲಲ್ಲೇ ಹೊಸ ಉಪಾಯ ಹೇಳಿದ. “ಬಾಯಾರ, ಹಿಂಗ ಮಾಡ್ರಿ. ಎಲ್ಲಾ ಬಳ್ಳೀದರಾಗ ಇರ್ಲಿ. ನಮ್ಮವ್ವಗ ಒಂದ ಪತ್ರಿಕಿ ಬ್ಯಾರೆ ಮಾಡಿಕೊಡ್ರಿ, ದೊಡ್ಡ ಅಕ್ಷರದ್ದು. ಬೀಗರ ಮುಂದ ನಮ್ಮ ಮಾನಾನೂ ಉಳೀತದ, ಅವ್ವನ ಹಟಾನೂ ಉಳೀತದ.”

“ನನಗೊಂದು ಬ್ಯಾರೆ ಆದ್ರ ಅದು ಲಗ್ನಪತ್ರಿಕಿ ಅಲ್ಲೋ, ದವಾಖಾನಿ ಚೀಟಿ,” ಎಂದಳು ಆಯಿ. “ದೇವರ ಮುಂದ ಒಂದು, ಮಂದಿ ಕೈಯಾಗ ಒಂದು. ನಿಮ್ಮಪ್ಪ ಹಂಗ ಎಂದರ ಓದಿದ್ನೇನು?”

ಅಕ್ಕ ಆಯಿಯನ್ನು ಪರದೆಯ ಮುಂದೆ ಕರೆದಳು. ಈಗ ನಮೂನೆಯ ಕೆಳಗೆ ಎರಡು ಹೊಸ ಗುಂಡಿಗಳಿದ್ದವು, ‘ಬಂತು’ ಮತ್ತು ‘ಬರಲಿಲ್ಲ’. ಯಾವುದನ್ನು ಒತ್ತಬೇಕೆಂದು ಆಯಿಯೇ ಹೇಳಬೇಕು.

ಮೊದಲ ಫಾಂಟು ಮೂಡಿತು. ಆಯಿ ಬೆರಳಿಟ್ಟು ನಿಧಾನವಾಗಿ ಓದಿದಳು. “ಹಿ-ತ್ತ-ಲ-ದಾಗ... ಬೆಕ್ಕು... ಮರಿ... ಹಾಕ್ಯದ.” ತಿರುಗಿ ನೋಡಿದಳು. “ಎಲ್ಲಿ ಹಾಕ್ಯದ?”

“ಕಟ್ಟಿಗಿ ಸಂದ್ಯಾಗರಿ ಆಯಿ,” ಎಂದೆ.

“ಹಂಗಾದ್ರ ಬಂತು.”

ಎರಡನೆಯದು: “ವಾಡಿ ರೈಲು... ಇವತ್ತೂ ತಡ.” ಮಗ ಬಿದ್ದು ಬಿದ್ದು ನಕ್ಕ. ಮೂರನೆಯದು: “ರಾವೂರ ಕಲ್ಲು ಗಟ್ಟಿ... ನಮ್ಮ ಮನಿಯವರ ಹಟ... ಅದಕ್ಕಿಂತ ಗಟ್ಟಿ.” ಆಯಿ ಅಕ್ಕನ ಮುಖ ನೋಡಿ, “ಎಲ್ಲಾ ಮನಿದೂ ಅದ ಕಲ್ಲವ್ವ” ಎಂದಳು. ಸಪೂರದ್ದು ಬಂದಾಗ ಕಣ್ಣು ಕಿರಿದು ಮಾಡಿ, “ಇದು ಬರಂಗಿಲ್ಲ. ಕೂದಲಾ ಹಾಸಿದಂಗ ಅದ” ಎಂದಳು. ಒಂದಿಷ್ಟೂ ನಾಚಿಕೆಯಿಲ್ಲದೆ ಹೇಳಿದಳು. ಗುಂಡಿಯ ಮೇಲೇ ‘ಬರಲಿಲ್ಲ’ ಎಂದು ಬರೆದಿದ್ದರಿಂದ, ಹಾಗೆನ್ನುವುದೂ ಕೆಲಸದ ಒಂದು ಭಾಗವೆಂದು ಆಕೆಗೆ ಅನಿಸಿರಬೇಕು. ಬಳ್ಳಿಯದಕ್ಕೂ ‘ಬರಲಿಲ್ಲ’ ಬಿತ್ತು. ಮಗ ಉಸಿರು ಬಿಟ್ಟ.

ಪಟ್ಟಿಯ ಕೆಳಗಿನ ಅರ್ಧಕ್ಕೆ ಬಂದೆವು. ಯಾರೂ ಹಿಂದೆ ನೋಡದಿದ್ದ ಫಾಂಟುಗಳು. ಒಂದು ನೆಟ್ಟಗಿನ ದುಂಡನೆಯ ಅಕ್ಷರ ಮೂಡಿತು. ಆಯಿ ಓದಿದಳು: “ನಮ್ಮ ತಂಗಿ... ಉಪ್ಪಿಟ್ಟಿಗೆ... ಉಪ್ಪು ಹಾಕೂದು... ಮರೀತಾಳ.”

ಓದಿ ಮುಗಿಸಿ, ಬೆರಳನ್ನು ಪರದೆಯಿಂದ ಎತ್ತಿ ನನ್ನ ಕಡೆ ತೋರಿಸಿದಳು. “ನೀನೇನವ್ವಾ?”

“ಒಮ್ಮೆ ಆಗಿತ್ರಿ ಆಯಿ.”

“ಒಮ್ಮೆ?” ಎಂದಳು ಅಕ್ಕ.

ಅಂಗಡಿಯೆಲ್ಲ ನಗು. ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು. ಆದರೆ ನೋಡಿ, ಆ ಸಾಲು ಆಯಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಊಹಿಸುವ ಹಾಗಿದ್ದದ್ದೂ ಅಲ್ಲ. ಆಕೆ ಅದನ್ನು ಅಕ್ಷರದಿಂದಲೇ ಎತ್ತಿ ತೆಗೆದು, ಅರ್ಥ ಮಾಡಿಕೊಂಡು, ನನ್ನನ್ನು ಹಿಡಿದಿದ್ದಳು. ಅಕ್ಕನ ಕಣ್ಣು ಹೊಳೆಯುತ್ತಿದ್ದವು. ‘ಬಂತು’ ಗುಂಡಿಯನ್ನು ಒತ್ತುವಾಗ ಆಕೆ ಮೌಸಿನ ಬದಲು ಆಯಿಯ ಬೆರಳನ್ನೇ ಹಿಡಿದು ಕೀಬೋರ್ಡಿನ ಕೀಲಿಯ ಮೇಲಿಟ್ಟಳು.

ಕೊನೆಗೆ ಅಕ್ಕ ‘ಬಂತು’ ಎನಿಸಿಕೊಂಡವನ್ನಷ್ಟೇ ಒಟ್ಟಿಗೆ ತೋರಿಸಿದಳು. ಬೆರಳೆಣಿಕೆಯಷ್ಟು ಉಳಿದಿದ್ದವು. “ಇನ್ನ ನಿಮ್ಮ ಪಾಳಿ,” ಎಂದು ಮಗನಿಗೆ ಹೇಳಿದಳು. “ನಿಮ್ಮ ಅವ್ವ ಓದಲಿಕ್ಕೆ ಬರ್ತಾವ ಅಂತ ಆರಿಸ್ಯಾರ. ಚಂದ ಅವ ಅಂತ ನೀವು ಆರಸ್ರಿ.”

ಆತ ಬಗ್ಗಿ ಬಹಳ ಹೊತ್ತು ನೋಡಿದ. ಒಂದರ ತುದಿ ಚೂರು ಮೇಲಕ್ಕೆ ತಿರುಗಿತ್ತು. “ಇದು ಸ್ವಲ್ಪ ಮೀಸಿ ತಿರುವಿದಂಗ ಅದರಿ. ನಡೀತದ. ಐನಾಪುರದವರೂ ಸುಮ್ಮನಾಗಬೇಕು.” ತನ್ನ ಮೀಸೆಯನ್ನೂ ಒಮ್ಮೆ ಮುಟ್ಟಿಕೊಂಡ.

ಆ ಮೇಲೆ ಆ ಸಾಲುಗಳು ಪ್ರೋಗ್ರಾಮಿನಲ್ಲೇ ಉಳಿದುಬಿಟ್ಟವು. ಫಾಂಟು ನೋಡಲು ಬಂದವರು ಸಾಲು ಓದಿ ನಗುತ್ತ ಕೂರುವರು. ವರ್ಷಗಳ ನಂತರ ಹೊಸ ವಿಂಡೋಸ್ ಬಂದಾಗ ಪ್ರೋಗ್ರಾಮಿನ ಕಿಟಕಿಯ ಅಳತೆ ಏರುಪೇರಾಗಿ ‘ಬಂತು’, ‘ಬರಲಿಲ್ಲ’ ಎರಡೂ ಪರದೆಯ ಕೆಳಗೆ ಇಳಿದು ಕಾಣೆಯಾದವು. ಅಕ್ಕ ಅವನ್ನು ಮೇಲಕ್ಕೆ ಎಳೆದು ತಂದಳು. ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗ ಬಿಟ್ಟು ತನ್ನದೇ ಜಾಗದಲ್ಲಿ ಕೂರುವ ಪದ್ಧತಿ ಬಂದಾಗಲೂ ಹಳೆಯ ಫಾಂಟುಗಳ ಸಲುವಾಗಿ ಅದನ್ನು ಬದುಕಿಸಿಕೊಂಡಳು. ಕೇಳಿದರೆ, “ನಡೀಲಿಕತ್ತದಲ್ಲ, ಯಾಕ ತೆಗೀಬೇಕು?” ಎನ್ನುವಳು. ಆಕೆಯ ನೋಟದಲ್ಲಿ ಪ್ರೋಗ್ರಾಂ ಅಂದರೆ ಬರೆದು ಮುಗಿಸುವ ವಸ್ತುವಲ್ಲ, ದಿನಾ ಕಸ ಹೊಡೆಯುವ ಮನೆ.

ಆಯಿಯ ಪತ್ರಿಕೆಯನ್ನು ಅಚ್ಚಿಗೆ ಒಯ್ದವಳು ನಾನು. ಮಡಿಕೆ ಬೀಳದ ಹಾಗೆ ಹಾಳೆಯನ್ನು ರಟ್ಟಿನ ನಡುವೆ ಇಟ್ಟು, ಚಿತ್ತಾಪುರ ದಾಟಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಕ್ಕೆ ಹೋದೆ. ಪ್ರೆಸ್ಸಿನವರು ಹಾಳೆ ನೋಡಿ, “ಇಷ್ಟು ದಪ್ಪ ಅಕ್ಷರ? ಲಗ್ನ ಅದನೋ, ಇಲೆಕ್ಷನ್ನಿಗೆ ನಿಂತಾರೋ?” ಎಂದರು. “ಎರಡಕ್ಕೂ ನಿಂದ್ರತಾರ, ನೀವು ಮಸಿ ಬರಾಬರ್ ಹಚ್ಚರಿ” ಎಂದೆ.

ಪತ್ರಿಕೆ ಓದುವ ದಿನಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಆಡಕಿಯ ಬಸ್ಸು ಹಿಡಿದು ಹೋದೆವು. ಪಡಸಾಲೆಯ ತುಂಬ ಓಣಿಯ ಹೆಂಗಸರು ಗಂಡಸರು. ದೇವರ ಜಗಲಿಯ ಮೇಲೆ ದೀಪ, ವಿಭೂತಿ ಹಚ್ಚಿದ ಪತ್ರಿಕೆ. ಸಣ್ಣ ಮುತ್ಯಾ ಪಕ್ಕದಲ್ಲೇ ನಿಂತಿದ್ದ, ಚಾಳೀಸು ಆಗಲೇ ಮೂಗಿನ ಮೇಲಿತ್ತು. ಹೊತ್ತಿಗೆ ಬೇಕಾದೀತು ಎಂಬ ಹಾಗೆ.

ಆಯಿ ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆಳೆದುಕೊಂಡು ಪತ್ರಿಕೆ ಎತ್ತಿಕೊಂಡಳು. ಮೊದಲು ಬಸವಣ್ಣನ ಹೆಸರು. ಅದು ಬಂತು. ಮೊಮ್ಮಗಳ ಹೆಸರು, ಅಳಿಯನ ಹೆಸರು, ಊರು. ಬೆರಳು ಸಾಲಿನ ಕೆಳಗೆ ತೆವಳುತ್ತಿತ್ತು. ಪ್ರೂಫಿನಲ್ಲಿ ಎಡವಿದ ಮೂರನೆಯ ಸಾಲು ಬಂತು, ದಾಟಿತು. ನಾನು ಅಕ್ಕನ ಕೈ ಹಿಡಿದುಕೊಂಡಿದ್ದೆ. ಯಾರು ಯಾರ ಕೈ ಗಟ್ಟಿಯಾಗಿ ಹಿಡಿದಿದ್ದರೋ ಹೇಳಲಾರೆ.

‘ಆಶೀರ್ವದಿಸಬೇಕಾಗಿ’ ಎಂಬಲ್ಲಿ ಆಯಿ ನಿಂತಳು. “ಆ... ಶೀ...” ಸಣ್ಣ ಮುತ್ಯಾ ಬಾಯಿ ತೆರೆದ. ಆಯಿ ಪತ್ರಿಕೆಯಿಂದ ಕಣ್ಣು ತೆಗೆಯದೆ ಎಡಗೈ ಎತ್ತಿದಳು. “ಸುಮ್ಕ ಇರು. ನಾ ಓದಾಕತ್ತೀನಿ.”

ಮುತ್ಯಾ ಬಾಯಿ ಮುಚ್ಚಿದ. “ಆ-ಶೀ-ರ್ವ... ದಿ-ಸ... ಬೇಕಾಗಿ.” ತುಂಡು ತುಂಡಾಗಿ ಇಟ್ಟು, ಮತ್ತೆ ಒಟ್ಟು ಮಾಡಿ, ಎರಡನೆಯ ಸಲ ಇಡೀ ಶಬ್ದವನ್ನು ಗಟ್ಟಿಯಾಗಿ ಹೇಳಿದಳು. ಅಲ್ಲಿಂದ ಕೊನೆಯ ತನಕ ಎಲ್ಲೂ ನಿಲ್ಲಲಿಲ್ಲ. ಮನೆಯವರ ಹೆಸರುಗಳು ಮುಗಿದವು. ಹೆಂಗಸರು ಆರತಿ ತಟ್ಟೆ ಎತ್ತಿಕೊಂಡರು.

ಆಯಿ ಮಾತ್ರ ಪತ್ರಿಕೆ ಇಳಿಸಲಿಲ್ಲ. ಕಣ್ಣಿನ ಹತ್ತಿರ ತಂದು, ಅಂಚಿನಲ್ಲಿದ್ದ ಸಣ್ಣ ಸಾಲಿನ ಮೇಲೆ ಬೆರಳಿಟ್ಟಳು. ನಮ್ಮ ಅಂಗಡಿಯ ಹೆಸರು ಓದಿದಳು. “ಸೇಡಂ” ಎಂದಳು. ಆಮೇಲೆ ನಮ್ಮ ಫೋನ್ ನಂಬರನ್ನು, ಒಂದೊಂದು ಅಂಕಿಯಾಗಿ, ದೇವರಿಗೆ ಕೇಳುವ ಹಾಗೆ ಓದಿದಳು.

ಪಡಸಾಲೆ ನಗುವಿನಿಂದ ತುಂಬಿಹೋಯಿತು. “ಅತ್ತಿಗೀ, ಅದು ಓದೂದಲ್ರಿ!” ಎಂದ ಸಣ್ಣ ಮುತ್ಯಾ, ಚಾಳೀಸು ತೆಗೆದು ಕಣ್ಣು ಒರೆಸಿಕೊಳ್ಳುತ್ತ.

“ಬರದಾರಲ್ಲ?” ಎಂದಳು ಆಯಿ. “ಬರದದ್ದು ಓದೀನಿ.” ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಕೈ ಮುಗಿದು, ಮಗನ ಕಡೆ ತಿರುಗಿ, “ಇನ್ನ ಹಂಚೋ ಹೋಗು” ಎಂದಳು.

ಸಂಜೆಯ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅವರು ಕಟ್ಟಿಕೊಟ್ಟ ಹೋಳಿಗೆಯ ಗಂಟು ಬೆಚ್ಚಗಿತ್ತು. ಅಕ್ಕ ಕಿಟಕಿಯ ಹೊರಗೆ ತೊಗರಿಯ ಹೊಲ ನೋಡುತ್ತ ಸುಮ್ಮನೆ ಕೂತಿದ್ದಳು. ಅಳುತ್ತಿದ್ದಾಳೇನೋ ಎಂದುಕೊಂಡು ನಾನೂ ಮಾತಾಡಿಸಲಿಲ್ಲ. ಸೇಡಂ ಹತ್ತಿರ ಬಂದಾಗ ಒಮ್ಮೆಲೇ ಹೇಳಿದಳು:

“ಆ ಕಡೇ ಸಾಲು ಭಾಳ ಸಣ್ಣದಾಗಿತ್ತು ನೋಡು. ಆಯಿ ಕಣ್ಣಿಗೆ ಹಚ್ಚಿಕೊಂಡು ಓದಿದ್ರು. ಪ್ರೋಗ್ರಾಮಿನ್ಯಾಗ ನಾ ಒಂದ ಅಳತಿ ತೋರಸಲಿಕತ್ತೀನಿ. ಸಣ್ಣ ಅಳತೀದೂ ಬಾಜೂಕ ತೋರಸಬೇಕು.”

“ನಾಳಿ ಮಾಡ್ರಿ ಅಕ್ಕಾ,” ಎಂದೆ. “ಹೊಸಾದು ಪಳಗೂತನಕ ಹಳೇದು ಅಳಸಬ್ಯಾಡ್ರಿ ಮತ್ತ.”